ಶನಿಗ್ರಹದ ಬಳೆಗಳ ಸ್ವರೂಪ

೧

ಪ್ರಾಚೀನರು ತಾರಾಗ್ರಹಗಳೆಂದು ಕರೆದ ಐದರಲ್ಲಿ ಎಲ್ಲಕ್ಕಿಂತ ಮೆಲ್ಲನೆ ನಡೆಯತಕ್ಕದ್ದು ಶನಿ. ನಕ್ಷತ್ರಮಂಡಲವನ್ನು ಒಮ್ಮೆ ಸುತ್ತಿಬರಲು ಅದಕ್ಕೆ ಸುಮಾರು ೨೯½ ವರ್ಷಗಳು ಹಿಡಿಯುವುವು. ಶನೈಶ್ಚರ, ಮಂದ ಎಂಬ ಹೆಸರುಗಳು ಈ ನಡೆಯನ್ನು ಕಂಡು ಇಟ್ಟವು. ವಸ್ತುವಿನ ಗುಣವನ್ನು ಅವು ಸರಿಯಾಗಿಯೇ ಹೇಳುತ್ತವೆ. ದೂರದರ್ಶಕ ಯಂತ್ರವು ಬಂದಮೇಲೆ ಅದೇ ಗ್ರಹದ ಸಂಬಂಧವಾಗಿ ಇನ್ನೊಂದು ಹೆಸರು ಬಳಕೆಗೆ ಬಂದಿತು. ಯೂರೋಪಿನ ಪಂಡಿತರು ಗ್ರಹದ ಸುತ್ತಲೂ ಕಂಡ ಪ್ರಕಾಶಮಾನವಾದ ವಸ್ತುವನ್ನು ಉಂಗುರವೆಂಬ ಅರ್ಥದ ಮಾತಿನಿಂದ ಕರೆದರು. ನಾವು ಕನ್ನಡದಲ್ಲಿ ಬಳೆ, ಉಂಗುರ, ಕಂಕಣ, ವಲಯ ಎಂಬ ಮಾತುಗಳನ್ನು ಉಪಯೋಗಿಸುತ್ತಿದ್ದೇವೆ. ಈ ಹೆಸರೂ ಕಣ್ಣು ಕಂಡು ಕೊಟ್ಟುದೇ. ಆದರೆ ಇದು ವಸ್ತುವಿನ ಗುಣವನ್ನು ಹೇಳುವುದಿಲ್ಲ.

ಚಂದ್ರಬಿಂಬವು ಸೂರ್ಯಬಿಂಬದ ನಡುವನ್ನು ಮಾತ್ರ ಮರೆಮಾಡಿ ಅಂಚು ಉಳಿದಾಗ ಅದನ್ನು ಕಂಕಣಗ್ರಹಣವೆನ್ನುತ್ತೇವೆ. ಆ ಕಂಕಣವು ಯಾವ ಲೋಹದ್ದೆಂದು ಯಾರೂ ಕೇಳುವುದಿಲ್ಲ. ಅದು ತೋರಿಕೆಯೆಂದು ಎಲ್ಲರೂ ಬಲ್ಲರು. ಶನಿಯ ವಿಷಯದಲ್ಲಿ ಹಾಗಾಗಲಿಲ್ಲ. ಬಳೆಯೆಂಬ ಮಾತಿನೊಡನೆ ಬಳೆಯ ಗಟ್ಟಿತನವೂ ಅಖಂಡತೆಯೂ ಮನಸ್ಸಿಗೆ ಬಂದುವು. ಮೇಧಾವಿಗಳಾದ ಗಣಿತಜ್ಞರು ಕೂಡ ಅದನ್ನು ಒಂದು ಗಟ್ಟಿಯಾದ ಪದಾರ್ಥವೆಂದೇ ಇಟ್ಟುಕೊಂಡು ಲೆಕ್ಕಹಾಕಿದರು. ಈ ಭಾವನೆಯನ್ನು ಸಂಪೂರ್ಣವಾಗಿ ನಿರಾಕರಿಸಲು ಇನ್ನೂರು ವರ್ಷಗಳು ಬೇಕಾದುವು. ನಿರಾಕರಿಸಿದುದು ಕಣ್ಣಲ್ಲ, ಗಣಿತ. ಕಣ್ಣಿಗೆ ಅದರ ಸಾಕ್ಷ್ಯ ಸಿಕ್ಕಿದುದು ಆಮೇಲೆ.

ಬಳೆಯು ಒಂದೇ ವಸ್ತುವಾಗಿದ್ದಿದ್ದರೆ ಅದು ಶನಿಯ ಸುತ್ತ ನಿಲ್ಲುತ್ತಿರಲಿಲ್ಲ. ಅದು ಒಂದಲ್ಲವಾದುದರಿಂದಲೇ ನಿಂತಿದೆ. ಈ ಮಾತಿಗೆ ಆಧಾರವೇನು, ಅದರಿಂದ ಏನೇನು ಫಲಿಸುತ್ತದೆ ಎಂಬುದನ್ನು ಗಣಿತದ ಸೂತ್ರಗಳಿಲ್ಲದೆ ವಿವರಿಸುವುದು ಈ ಲೇಖನದ ಉದ್ದೇಶ.

೨

೧೬೧೦ರ ಜುಲೈ ತಿಂಗಳಲ್ಲಿ ಗೆಲಿಲಿಯೋ ತನ್ನ ಸಣ್ಣ ದೂರದರ್ಶಕವನ್ನು ಶನಿಯ ಕಡೆಗೆ ತಿರುಗಿಸಿದಾಗ ಅವನಿಗೆ ಒಂದರ ಬದಲು ಮೂರು ಬಿಂಬಗಳು ಕಂಡುವು: ನಡುವೆ ದೊಡ್ಡದೊಂದು, ಎರಡು ಪಕ್ಕಗಳಲ್ಲಿ ಚಿಕ್ಕವೆರಡು. ೧೬೧೨ರಲ್ಲಿ ನೋಡಿದಾಗ ಪಕ್ಕದ ಎರಡೂ ಮಾಯವಾಗಿದ್ದುವು. ರೋಮನರ ಪುರಾಣದಲ್ಲಿ ಈ ಗ್ರಹದ ಅಧಿದೇವತೆಯು ತನ್ನ ಮಕ್ಕಳನ್ನೇ ನುಂಗಿದವನು. ಆ ಕಥೆಯನ್ನು ನೆನೆದು ಗೆಲಿಲಿಯೋ, ಶನಿಯು ತನ್ನ ಮಕ್ಕಳನ್ನು ನುಂಗಿಬಿಟ್ಟಿತೇ ಎಂದು ಬೆರಗಾದನು. ಕೆಲವು ವರ್ಷಗಳ ಮೇಲೆ ಅವು ಮತ್ತೆ ಕಾಣಿಸಿಕೊಂಡಾಗ ಗಡಿಗೆಯ ಹಿಡಿಗಳಂತೆ ತೋರಿದುವು. ಅರ್ಧ ಶತಮಾನದವರೆಗೂ ಇದರ ಗೂಢವು ಬಿಡಲಿಲ್ಲ.

ಗೂಢವನ್ನು ಬಿಡಿಸಿದವನು ಹಾಲೆಂಡಿನ ಕ್ರಿಸ್ಟಿಯಾನ್ ಹೈಗೆನ್ಸ್. ಶನಿಯ ಸುತ್ತಲೂ ತೆಳ್ಳನೆಯ ಚಪ್ಪಟೆಯಾದ ಬಳೆಯೊಂದಿದೆ, ಅದು ಗ್ರಹವನ್ನು ಎಲ್ಲಿಯೂ ಮುಟ್ಟುವುದಿಲ್ಲ, ಗ್ರಹದ ಕಕ್ಷೆಯ ಸಮತಲಕ್ಕೆ ಓರೆಯಾಗಿದೆ ಎಂದು ಅವನು ೧೬೫೯ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದನು. ಓರೆಯು ಸುಮಾರು ೨೬.೭ ಅಂಶಗಳು. ಶನಿಯು ಸೂರ್ಯನನ್ನು ಒಮ್ಮೆ ಸುತ್ತುವುದರೊಳಗೆ ಬಳೆಯ ಅಂಚು ಎರಡು ಬಾರಿ ನಮ್ಮ ಕಡೆಗೆ ನೇರವಾಗಿ ತಿರುಗುವುದು. ಅಂಚು ಅತ್ಯಂತ ತೆಳ್ಳಗಿರುವುದರಿಂದ ಆಗ ಬಳೆಯು ಸಣ್ಣ ಯಂತ್ರಗಳಿಗೆ ಕಾಣದೆಹೋಗುವುದು. ಗೆಲಿಲಿಯೋವಿನ ಬೆರಗಿಗೆ ಕಾರಣ ಇಷ್ಟೇ. ೨೦೦೯ರಲ್ಲಿಯೂ ೨೦೨೫ರ ಮಾರ್ಚಿಯಲ್ಲಿಯೂ ಇದೇ ಸಂಗತಿ ನಡೆಯಿತು.

೧೬೭೫ರಲ್ಲಿ ಪ್ಯಾರಿಸಿನಲ್ಲಿದ್ದ ಕ್ಯಾಸಿನಿಯು ಬಳೆಯ ನಡುವೆ ಒಂದು ಕಪ್ಪು ಗೆರೆಯನ್ನು ಕಂಡನು. ಅದರಿಂದ ಬಳೆ ಒಂದಲ್ಲ, ಒಂದರೊಳಗೊಂದಾಗಿ ಎರಡು ಇವೆಯೆಂದು ಗೊತ್ತಾಯಿತು. ಹೊರಗಣದಕ್ಕೆ ಎ ಎಂದೂ ಒಳಗಣದಕ್ಕೆ ಬಿ ಎಂದೂ ಆಮೇಲೆ ಹೆಸರಾಯಿತು. ೧೮೫೦ರಲ್ಲಿ ಇವೆರಡಕ್ಕೂ ಒಳಗೆ ಮಂಕಾದ ಮೂರನೆಯದೊಂದು ಕಂಡಿತು. ಅದು ಸಿ ಬಳೆ. ಅದರ ಮೂಲಕ ಹಿಂದಣ ಗ್ರಹದ ಅಂಚು ಜಾಳಿಗೆಯ ಹಿಂದಿನ ದೀಪದಂತೆ ತೋರುತ್ತಿತ್ತು. ಗಟ್ಟಿಯಾದ ಬಳೆಯ ಮೂಲಕ ಹಿಂದಿನದು ಕಾಣುವುದು ಹೇಗೆ? ಕಣ್ಣು ಈ ಪ್ರಶ್ನೆಯನ್ನು ಎತ್ತಿತೇ ಹೊರತು ಉತ್ತರವನ್ನು ಕೊಡಲಿಲ್ಲ.

೩

ಉತ್ತರವನ್ನು ತಿಳಿಯಬೇಕಾದರೆ ಒಂದು ಪದಾರ್ಥವು ಗ್ರಹದ ಸುತ್ತ ಬೀಳದೆ ತಿರುಗುವುದು ಹೇಗೆಂಬುದನ್ನು ಮೊದಲು ನೆನೆಯಬೇಕು. ಗ್ರಹದ ಆಕರ್ಷಣವು ಪದಾರ್ಥವನ್ನು ಸದಾ ಒಳಕ್ಕೆ ಸೆಳೆಯುವುದು. ಪದಾರ್ಥವಾದರೋ ತನ್ನ ವೇಗದಿಂದ ನೇರವಾಗಿ ಮುಂದಕ್ಕೆ ಹೋಗಬಯಸುವುದು. ಇವೆರಡೂ ಸರಿತೂಗಿದಾಗ ಅದು ವೃತ್ತದಲ್ಲಿ ಸುತ್ತುವುದು. ಗ್ರಹಕ್ಕೆ ಹತ್ತಿರವಿದ್ದಷ್ಟೂ ಸೆಳೆತ ಹೆಚ್ಚು. ಆದುದರಿಂದ ಬೀಳದಿರಲು ವೇಗವೂ ಹೆಚ್ಚಾಗಿರಬೇಕು. ಕೆಪ್ಲರನು ಗ್ರಹಗಳಿಗೆ ಹೇಳಿದ ನಿಯಮವೂ ಇದೇ.

ಶನಿಯ ಮಧ್ಯಬಿಂದುವಿನಿಂದ ಬಿ ಬಳೆಯ ಒಳಅಂಚಿಗೆ ಸುಮಾರು ೯೨,೦೦೦ ಕಿಲೋಮೀಟರು. ಎ ಬಳೆಯ ಹೊರಅಂಚಿಗೆ ಸುಮಾರು ೧,೩೬,೮೦೦ ಕಿಲೋಮೀಟರು. ಮೇಲಿನ ನಿಯಮದಂತೆ ಲೆಕ್ಕಹಾಕಿದರೆ ಒಳಅಂಚಿನಲ್ಲಿರುವ ಕಲ್ಲೊಂದು ಸೆಕೆಂಡಿಗೆ ೨೦.೩ ಕಿಲೋಮೀಟರಿನಂತೆ ಓಡಬೇಕು. ಹೊರಅಂಚಿನ ಕಲ್ಲಿಗೆ ೧೬.೬ ಕಿಲೋಮೀಟರು ಸಾಕು. ಬಳೆಯು ಬಂಡಿಯ ಗಾಲಿಯಂತೆ ಗಟ್ಟಿಯಾಗಿದ್ದರೆ ಇದಕ್ಕೆ ವಿರುದ್ಧವಾಗುವುದು. ಗಾಲಿಯಲ್ಲಿ ಗುಂಬಕ್ಕಿಂತ ಅಂಚು ವೇಗವಾಗಿ ಹೋಗುವುದಲ್ಲವೆ? ಹಾಗೆಯೇ ಇಲ್ಲಿಯೂ ಹೊರಅಂಚು ಒಳಅಂಚಿನ ಒಂದೂವರೆಯಷ್ಟು ವೇಗದಲ್ಲಿ ಸುತ್ತಬೇಕಾಗುವುದು. ಆಗ ಒಳಭಾಗವು ಇರಬೇಕಾದುದಕ್ಕಿಂತ ನಿಧಾನವಾಗಿ ಗ್ರಹದ ಕಡೆಗೆ ಬೀಳಹೋಗುವುದು. ಹೊರಭಾಗವು ಇರಬೇಕಾದುದಕ್ಕಿಂತ ವೇಗವಾಗಿ ಆಚೆಗೆ ಸಿಡಿಯಹೋಗುವುದು. ನಡುವಣ ಪದಾರ್ಥವು ಈ ಎರಡು ಸೆಳೆತಗಳನ್ನೂ ತಡೆದು ಹಿಡಿದಿರಬೇಕು. ಅಷ್ಟು ಅಗಲವಾದ ಬಳೆಯಲ್ಲಿ ಈ ಸೆಳೆತವನ್ನು ಉಕ್ಕೂ ತಾಳಲಾರದು.

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಲಾಪ್ಲಾಸನು ಇದಕ್ಕಿಂತಲೂ ಸೂಕ್ಷ್ಮವಾದ ಇನ್ನೊಂದು ದೋಷವನ್ನು ತೋರಿಸಿದನು. ಎಲ್ಲ ಕಡೆಗಳಲ್ಲಿಯೂ ಸಮವಾದ ಗಟ್ಟಿ ಬಳೆಯೊಂದು ಗ್ರಹದ ಸುತ್ತ ಸರಿಯಾಗಿ ನೆಲೆಗೊಂಡಿದೆಯೆಂದು ಭಾವಿಸೋಣ. ಯಾವ ಕಾರಣದಿಂದಲಾದರೂ ಅದು ಕೂದಲೆಳೆಯಷ್ಟು ಒಂದು ಪಕ್ಕಕ್ಕೆ ಸರಿದರೆ, ಗ್ರಹಕ್ಕೆ ಹತ್ತಿರವಾದ ಭಾಗದ ಮೇಲೆ ಸೆಳೆತ ಹೆಚ್ಚುವುದು, ದೂರವಾದ ಭಾಗದ ಮೇಲೆ ಕಡಮೆಯಾಗುವುದು. ಸರಿದುದು ಇನ್ನಷ್ಟು ಸರಿಯುವುದು. ಅಂಗೈಯ ಮೇಲೆ ನೆಟ್ಟಗೆ ನಿಲ್ಲಿಸಿದ ಕೋಲಿನಂತೆ ಅದರ ನಿಲುಕಡೆ. ಒಮ್ಮೆ ವಾಲಿದರೆ ತಾನಾಗಿ ನೆಟ್ಟಗಾಗುವುದಿಲ್ಲ. ಕೊನೆಗೆ ಬಳೆಯು ಗ್ರಹಕ್ಕೆ ತಗುಲಿ ಒಡೆದುಹೋಗಲೇಬೇಕು. ಇಷ್ಟನ್ನು ಕಂಡೂ ಲಾಪ್ಲಾಸನು ಬಳೆಯ ಗಟ್ಟಿತನವನ್ನು ಬಿಡಲಿಲ್ಲ. ಅಗಲವಾದ ಒಂದು ಬಳೆಯ ಬದಲು ಕಿರಿದಾದ ಹಲವು ಗಟ್ಟಿ ಬಳೆಗಳಿರಬಹುದು, ಅವುಗಳ ತೂಕವು ಎಲ್ಲೆಡೆಯೂ ಸಮವಾಗಿಲ್ಲದಿರಬಹುದು, ಆ ಅಸಮತೆಯಿಂದ ಅವು ನೆಲೆನಿಂತಿರಬಹುದು ಎಂದು ಊಹಿಸಿದನು. ಹೆಸರಿನ ಹಿಡಿತವು ಎಷ್ಟು ಬಲವಾದುದೆಂಬುದಕ್ಕೆ ಇದು ಸಾಕ್ಷಿ.

೪

೧೮೫೫ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾನಿಲಯದವರು ಆಡಮ್ಸ್ ಬಹುಮಾನಕ್ಕೆ ಶನಿಯ ಬಳೆಗಳ ಚಲನೆಯನ್ನೇ ವಿಷಯವಾಗಿ ಗೊತ್ತುಮಾಡಿದರು. ಬಳೆಯು ಘನವೋ, ದ್ರವವೋ, ಬಿಡಿಬಿಡಿಯಾದ ಪದಾರ್ಥಗಳ ಸಮೂಹವೋ ಎಂಬುದನ್ನು ಯಂತ್ರಶಾಸ್ತ್ರದ ನಿಯಮಗಳಿಂದ ವಿಚಾರಿಸಬೇಕಾಗಿತ್ತು. ಬಹುಮಾನವನ್ನು ಪಡೆದವನು ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್. ಆಗ ಅವನಿಗೆ ಇಪ್ಪತ್ತೈದು ವರ್ಷ ವಯಸ್ಸು. ಸ್ಕಾಟ್ಲೆಂಡಿನ ಆಬರ್ಡೀನಿನಲ್ಲಿ ಉಪಾಧ್ಯಾಯನಾಗಿದ್ದನು. ಅವನ ಪ್ರಬಂಧವು ೧೮೫೯ರಲ್ಲಿ, ಎಂದರೆ ಹೈಗೆನ್ಸನ ಗ್ರಂಥವು ಹೊರಬಿದ್ದ ಸರಿಯಾಗಿ ಇನ್ನೂರು ವರ್ಷಗಳ ಮೇಲೆ, ಪ್ರಕಟವಾಯಿತು.

ಮ್ಯಾಕ್ಸ್‌ವೆಲ್ಲನು ಮೂರು ಪಕ್ಷಗಳನ್ನೂ ಒಂದೊಂದಾಗಿ ಪರೀಕ್ಷಿಸಿದನು. ಮೊದಲನೆಯದು ಘನಪಕ್ಷ. ಲಾಪ್ಲಾಸನು ಊಹಿಸಿದ ಅಸಮತೆಯಿಂದ ಗಟ್ಟಿ ಬಳೆ ನಿಲ್ಲಬೇಕಾದರೆ ಅಸಮತೆ ಎಷ್ಟಿರಬೇಕು? ಬಳೆಯ ಒಟ್ಟು ತೂಕದಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ಒಂದೇ ಕಡೆಯಲ್ಲಿ ಕೂಡಿರಬೇಕೆಂದು ಅವನ ಲೆಕ್ಕ ತೋರಿಸಿತು. ಅಂತಹುದು ಹರಳಿಟ್ಟ ಉಂಗುರದಂತೆ ಒಂದು ಕಡೆ ಭಾರವಾಗಿ ಕಾಣಬೇಕು. ಶನಿಯ ಬಳೆಯಲ್ಲಿ ಅಂತಹ ಹರಳು ಯಾವುದೂ ಇಲ್ಲ. ಎರಡನೆಯದು ದ್ರವಪಕ್ಷ. ಅಖಂಡವಾದ ದ್ರವದ ಬಳೆಯಲ್ಲಿ ಏಳುವ ಅಲೆಗಳು ಬರಬರುತ್ತ ಬೆಳೆದು ಅದನ್ನು ತುಂಡುತುಂಡಾಗಿ ಒಡೆಯುವುವು. ಅಂತೂ ಅದು ಹನಿಗಳ ಸಮೂಹವಾಗಿ ಮೂರನೆಯ ಪಕ್ಷವನ್ನೇ ಸೇರುವುದು.

ಉಳಿದುದು ಬಿಡಿ ಕಣಗಳ ಪಕ್ಷ. ಲೆಕ್ಕವಿಲ್ಲದಷ್ಟು ಕಣಗಳು ಒಂದೊಂದೂ ಪುಟ್ಟ ಉಪಗ್ರಹದಂತೆ ತನ್ನ ತನ್ನ ದೂರಕ್ಕೆ ತಕ್ಕ ವೇಗದಲ್ಲಿ ಸುತ್ತುತ್ತಿದ್ದರೆ ಗಟ್ಟಿ ಬಳೆಯನ್ನು ಹರಿಯುತ್ತಿದ್ದ ಸೆಳೆತವು ಇಲ್ಲವೇ ಇಲ್ಲ. ಏಕೆಂದರೆ ಒಂದನ್ನು ಇನ್ನೊಂದಕ್ಕೆ ಬಿಗಿದಿಲ್ಲ. ಆದರೆ ಕಣಗಳು ಒಂದನ್ನೊಂದು ಆಕರ್ಷಿಸುವುವಷ್ಟೆ. ಅದರಿಂದ ಗಲಭೆಯೆದ್ದು ವ್ಯವಸ್ಥೆ ಕೆಡುವುದಿಲ್ಲವೆ? ಕಣಗಳ ಒಟ್ಟು ತೂಕವು ಗ್ರಹದ ತೂಕದೆದುರಿಗೆ ಅತ್ಯಲ್ಪವಾಗಿದ್ದರೆ ಕೆಡುವುದಿಲ್ಲವೆಂದು ಮ್ಯಾಕ್ಸ್‌ವೆಲ್ಲನು ತೋರಿಸಿದನು. ಒಂದು ಕಡೆ ಆದ ಕದಲಿಕೆಯು ಅಲೆಯಾಗಿ ಬಳೆಯ ಸುತ್ತ ಸಾಗುವುದೇ ಹೊರತು ಬೆಳೆಯುವುದಿಲ್ಲ. ಈ ಅಲೆಗಳು ಸಾಗುವ ಬಗೆಯನ್ನು ತೋರಿಸಲು ಅವನು ಒಂದು ಪುಟ್ಟ ಯಂತ್ರವನ್ನೂ ಮಾಡಿಸಿದನು. ಶನಿಯ ಬಳೆಗಳ ತೂಕವು ಗ್ರಹದ ತೂಕದ ೩ ಕೋಟಿ ೭೦ ಲಕ್ಷದಲ್ಲಿ ಒಂದು ಪಾಲಿನಷ್ಟೆಂದು ಈಗ ಅಳತೆಯಿಂದ ತಿಳಿದಿದೆ. ಅವನ ನಿಬಂಧನೆಯು ಚೆನ್ನಾಗಿ ನೆರವೇರಿದೆ.

ಗಣಿತವು ಹೇಳಿದುದನ್ನು ಕಣ್ಣಿಗೆ ತೋರಿಸಿದವನು ಅಮೆರಿಕದ ಜೇಮ್ಸ್ ಕೀಲರ್. ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿದರೆ ವರ್ಣಪಟಲವೂ ಅದರಲ್ಲಿ ಕಪ್ಪು ಗೆರೆಗಳೂ ಕಾಣುವುವು. ಬೆಳಕನ್ನು ಕಳುಹಿಸುವ ವಸ್ತುವು ನಮ್ಮ ಕಡೆಗೆ ಬರುತ್ತಿದ್ದರೆ ಈ ಗೆರೆಗಳು ನೇರಳೆಯ ಪಕ್ಕಕ್ಕೂ, ದೂರಕ್ಕೆ ಸರಿಯುತ್ತಿದ್ದರೆ ಕೆಂಪಿನ ಪಕ್ಕಕ್ಕೂ ಸ್ವಲ್ಪ ಜರುಗುವುವು. ಜರುಗಿದ ಮೊತ್ತದಿಂದ ವೇಗವನ್ನು ತಿಳಿಯಬಹುದು. ೧೮೯೫ರಲ್ಲಿ ಪಿಟ್ಸ್‌ಬರ್ಗಿನ ಬಳಿಯ ಅಲಿಗೇನಿ ವೀಕ್ಷಣಾಲಯದಲ್ಲಿ ಕೀಲರನು ಶನಿಯದೂ ಬಳೆಗಳದೂ ವರ್ಣಪಟಲವನ್ನು ಒಟ್ಟಿಗೆ ಛಾಯಾಚಿತ್ರ ತೆಗೆದನು. ಗ್ರಹವು ಚೆಂಡಿನಂತೆ ಒಟ್ಟಾಗಿ ತಿರುಗುವುದರಿಂದ ಅದರ ಗೆರೆಗಳು ಒಂದು ದಿಕ್ಕಿಗೆ ಓರೆಯಾಗಿದ್ದುವು. ಬಳೆಯ ಗೆರೆಗಳ ಓರೆ ಅದಕ್ಕೆ ವಿರುದ್ಧವಾಗಿದ್ದಿತು. ಒಳಅಂಚೇ ಹೊರಅಂಚಿಗಿಂತ ವೇಗವಾಗಿ ಓಡುತ್ತಿದ್ದಿತು. ಗಟ್ಟಿ ಬಳೆಯೆಂಬ ಮಾತಿಗೆ ಅಲ್ಲಿಂದ ಮುಂದೆ ಎಡೆಯುಳಿಯಲಿಲ್ಲ. ಮಂದನೆಂದು ಹೆಸರಾದ ಗ್ರಹದ ಬಳೆಯಲ್ಲಿ ಕಣಗಳು ಸೆಕೆಂಡಿಗೆ ೧೬ರಿಂದ ೨೦ ಕಿಲೋಮೀಟರು ಓಡುತ್ತಿವೆ.

೫

ಇನ್ನೊಂದು ಪ್ರಶ್ನೆಯೇಳುವುದು. ಅಷ್ಟೊಂದು ಕಣಗಳು ಒಂದನ್ನೊಂದು ಆಕರ್ಷಿಸುತ್ತ ಒಟ್ಟುಗೂಡಿ ಒಂದು ಚಂದ್ರನಾಗಬಾರದೇಕೆ? ಇದಕ್ಕೆ ಸಮಾಧಾನವು ಮ್ಯಾಕ್ಸ್‌ವೆಲ್ಲನಿಗಿಂತ ಮೊದಲೇ, ೧೮೪೮ರಲ್ಲಿ, ಫ್ರಾನ್ಸಿನ ಎಡ್ವರ್ಡ್ ರೋಶನ ವಿಚಾರಗಳಿಂದ ದೊರೆತಿದ್ದಿತು.

ಸಮುದ್ರದ ಉಬ್ಬರಕ್ಕೆ ಕಾರಣವನ್ನು ವಾಚಕರು ಬಲ್ಲರು. ಚಂದ್ರನ ಕಡೆಗಿರುವ ನೀರನ್ನು ಚಂದ್ರನು ಹೆಚ್ಚಾಗಿಯೂ ಆಚೆಯ ಪಕ್ಕದ ನೀರನ್ನು ಕಡಮೆಯಾಗಿಯೂ ಸೆಳೆಯುವುದರಿಂದ ಭೂಮಿಯ ನೀರು ಎರಡು ಪಕ್ಕಕ್ಕೂ ಎಳೆದಂತಾಗಿ ಉಬ್ಬುವುದು. ಇಂತಹ ಉಬ್ಬರದ ಸೆಳೆತವು ಪ್ರತಿಯೊಂದು ಗ್ರಹದಿಂದಲೂ ಅದರ ಉಪಗ್ರಹಗಳ ಮೇಲೆ ಉಂಟು. ಉಪಗ್ರಹವು ಹತ್ತಿರಕ್ಕೆ ಬಂದಷ್ಟೂ ಅದು ಬಹು ಶೀಘ್ರವಾಗಿ ಹೆಚ್ಚುವುದು. ದೂರವು ಅರ್ಧವಾದರೆ ಸೆಳೆತವು ಎಂಟರಷ್ಟಾಗುವುದು. ತನ್ನ ಸ್ವಂತ ಆಕರ್ಷಣದಿಂದ ಮಾತ್ರವೇ ಒಟ್ಟುಗೂಡಿರುವ ಉಪಗ್ರಹವೊಂದು ಒಂದು ಎಲ್ಲೆಯನ್ನು ದಾಟಿ ಒಳಗೆ ಬಂದರೆ ಗ್ರಹವು ಅದನ್ನು ಹರಿದುಬಿಡುವುದು. ಎರಡರ ಸಾಂದ್ರತೆಯೂ ಸಮವಾಗಿದ್ದು ಉಪಗ್ರಹವು ದ್ರವವಾಗಿದ್ದರೆ ಆ ಎಲ್ಲೆಯು ಗ್ರಹದ ತ್ರಿಜ್ಯದ ೨.೪೪ರಷ್ಟು ದೂರದಲ್ಲಿರುವುದು.

ಶನಿಯ ನಡುರೇಖೆಯ ತ್ರಿಜ್ಯವು ೬೦,೨೬೮ ಕಿಲೋಮೀಟರು. ಆದುದರಿಂದ ರೋಶನ ಎಲ್ಲೆಯು ಸುಮಾರು ೧,೪೭,೦೦೦ ಕಿಲೋಮೀಟರು. ಎ ಬಳೆಯ ಹೊರಅಂಚು ೧,೩೬,೮೦೦ ಕಿಲೋಮೀಟರಿನಲ್ಲಿ ಇದರ ಒಳಗೇ ಮುಗಿಯುವುದು. ದೊಡ್ಡ ಉಪಗ್ರಹಗಳಲ್ಲಿ ಎಲ್ಲಕ್ಕಿಂತ ಒಳಗಿನದಾದ ಮೈಮಾಸ್ ೧,೮೫,೫೦೦ ಕಿಲೋಮೀಟರಿನಲ್ಲಿ ಇದರ ಹೊರಗೆ ಸುತ್ತುವುದು. ಒಳಗೆ ಬಳೆ, ಹೊರಗೆ ಚಂದ್ರ ಎಂಬ ಈ ಏರ್ಪಾಡು ಆಕಸ್ಮಿಕವಲ್ಲ.

ಆದರೂ ಈ ಎಲ್ಲೆಯನ್ನು ಕೋಟೆಯ ಗೋಡೆಯೆಂದು ತಿಳಿಯಬಾರದು. ಕಲ್ಲು ಅಥವಾ ಹಿಮದ ಗಡ್ಡೆಯು ತನ್ನ ಗಟ್ಟಿತನದಿಂದ ಒಂದಾಗಿರುವುದರಿಂದ ಉಬ್ಬರದ ಸೆಳೆತವು ಅದನ್ನು ಒಡೆಯಲಾರದು. ಬಳೆಯ ಕಣಗಳು ಹೆಚ್ಚಾಗಿ ಶುದ್ಧವಾದ ನೀರಿನ ಹಿಮ. ಅವುಗಳ ಗಾತ್ರವು ಸಾಧಾರಣವಾಗಿ ಒಂದು ಸೆಂಟಿಮೀಟರಿನಿಂದ ಹತ್ತು ಮೀಟರಿನವರೆಗೆ. ಎ ಬಳೆಯೊಳಗಿನ ಒಂದು ಅಂತರದಲ್ಲಿ ಪಾನ್ ಎಂಬ, ಸುಮಾರು ೨೮ ಕಿಲೋಮೀಟರಿನ ಪುಟ್ಟ ಚಂದ್ರನೂ ಇದೆ. ಇದಕ್ಕೆ ಪ್ರತಿಯಾದ ಉದಾಹರಣೆಯೂ ಉಂಟು: ನೆಪ್ಚೂನಿನಿಂದಾಚೆ ಇರುವ ಕ್ವಾವಾರ್ ಎಂಬ ಚಿಕ್ಕ ಗೋಳದ ಬಳೆಯು ಅದರ ರೋಶನ ಎಲ್ಲೆಗಿಂತ ಬಹಳ ಹೊರಗಿದೆಯೆಂದು ೨೦೨೩ರಲ್ಲಿ ಪ್ರಕಟವಾಯಿತು. ಅಲ್ಲಿಯ ಕಣಗಳು ಚಂದ್ರನಾಗದಿರುವುದಕ್ಕೆ ಬೇರೆ ಕಾರಣವನ್ನು ಹುಡುಕಬೇಕಾಗಿದೆ.

೬

ಬಳೆಯು ಇಷ್ಟು ತೆಳ್ಳಗಿರುವುದೂ ವಿಚಾರಕ್ಕೆ ಅರ್ಹವಾದುದು. ಎ ಬಳೆಯ ಅಂಚಿನಿಂದ ಅಂಚಿಗೆ ಅಡ್ಡಳತೆ ೨,೭೩,೦೦೦ ಕಿಲೋಮೀಟರಿಗೂ ಹೆಚ್ಚು. ದಪ್ಪವಾದರೋ ಬಹುಭಾಗದಲ್ಲಿ ಸುಮಾರು ೧೦ ಮೀಟರು. ಮಿಲಿಮೀಟರಿನ ಹತ್ತರಲ್ಲೊಂದು ಪಾಲು ದಪ್ಪದ ಕಾಗದದಲ್ಲಿ ಇದೇ ಪ್ರಮಾಣದ ಬಳೆಯನ್ನು ಕತ್ತರಿಸಬೇಕಾದರೆ ಕಾಗದವು ಎರಡೂಮುಕ್ಕಾಲು ಕಿಲೋಮೀಟರು ಅಗಲವಿರಬೇಕು.

ಇದಕ್ಕೆ ಕಾರಣವು ಕಣಗಳ ಪರಸ್ಪರ ತಾಕಲಾಟ. ದೇವಸ್ಥಾನದಲ್ಲಿ ಜನರು ದಟ್ಟವಾಗಿ ಪ್ರದಕ್ಷಿಣೆ ಬರುವಾಗ ಅಡ್ಡಡ್ಡಲಾಗಿ ನಡೆಯುವವನು ಪಕ್ಕದವರಿಗೆ ತಗುಲಿ ತಗುಲಿ ಕೊನೆಗೆ ಎಲ್ಲರೊಡನೆ ಒಂದೇ ಕಡೆಗೆ ಸಾಗುವನು. ಅಡ್ಡನಡೆಯು ಅಳಿಯುವುದು, ಎಲ್ಲರಿಗೂ ಸಮಾನವಾದ ಸುತ್ತುನಡೆಯು ಉಳಿಯುವುದು. ಬಳೆಯಲ್ಲಿಯೂ ಮೇಲಕ್ಕೂ ಕೆಳಕ್ಕೂ ಏರಿಳಿಯುವ ಕಣಗಳು ಒಂದಕ್ಕೊಂದು ತಗುಲಿ ಆ ಏರಿಳಿತದ ಶಕ್ತಿಯನ್ನು ಕಳೆದುಕೊಳ್ಳುವುವು. ಓಟವು ಎಷ್ಟು ವೇಗವಾಗಿದ್ದರೂ ಅಕ್ಕಪಕ್ಕದ ಕಣಗಳು ಹೆಚ್ಚುಕಡಮೆ ಒಟ್ಟಿಗೇ ಓಡುವುದರಿಂದ ಅವು ತಾಕುವ ವೇಗವು ಸೆಕೆಂಡಿಗೆ ಕೆಲವು ಮಿಲಿಮೀಟರುಗಳಷ್ಟೆ. ಶನಿಯು ಶೀಘ್ರವಾಗಿ ತಿರುಗುತ್ತ ತನ್ನ ನಡುರೇಖೆಯಲ್ಲಿ ಉಬ್ಬಿರುವುದರಿಂದ ಈ ಎಲ್ಲ ಕಣಗಳೂ ಕೊನೆಗೆ ಆ ನಡುರೇಖೆಯ ಸಮತಲದಲ್ಲಿಯೇ ನೆಲೆಗೊಳ್ಳುವುವು.

ತಾಕಲಾಟದಿಂದ ಇನ್ನೊಂದು ಫಲವೂ ಉಂಟು. ಒಳಗಣ ವೇಗದ ಕಣವು ಹೊರಗಣ ನಿಧಾನದ ಕಣವನ್ನು ಸವರಿಕೊಂಡು ಹೋಗುವಾಗ, ಭೌತಶಾಸ್ತ್ರಜ್ಞರು ಕೋನೀಯ ಸಂವೇಗವೆಂದು ಕರೆಯುವ ಸುತ್ತುನಡೆಯ ಬಂಡವಾಳದಲ್ಲಿ ಸ್ವಲ್ಪವನ್ನು ಅದಕ್ಕೆ ಕೊಡುವುದು. ಕೊಟ್ಟ ಕಣವು ಇನ್ನಷ್ಟು ಒಳಕ್ಕಿಳಿಯುವುದು, ಪಡೆದ ಕಣವು ಇನ್ನಷ್ಟು ಹೊರಕ್ಕೆ ಸರಿಯುವುದು. ಹೀಗೆ ಬಳೆಯು ತಾನಾಗಿ ಹರಡಿಕೊಂಡು ಅದರ ಅಂಚುಗಳು ಅಳಿಸಿಹೋಗಬೇಕು. ಆದರೆ ಶನಿಯ ಬಳೆಗಳ ಅಂಚುಗಳು ಬಹು ಸ್ಪಷ್ಟವಾಗಿವೆ. ಅಂಚನ್ನು ಕಾಯುವವರಾರು?

ಕಾಯುವವು ಶನಿಯ ಚಂದ್ರಗಳೇ. ಬಿ ಬಳೆಯ ಹೊರಅಂಚಿನ ಕಣಗಳು ಗ್ರಹವನ್ನು ಎರಡು ಬಾರಿ ಸುತ್ತುವ ಹೊತ್ತಿಗೆ ಮೈಮಾಸ್ ಒಂದು ಬಾರಿ, ಸುಮಾರು ೨೨.೬ ಗಂಟೆಗಳಲ್ಲಿ, ಸುತ್ತಿ ಮುಗಿಸುವುದು. ಉಯ್ಯಾಲೆಯು ಹಿಂದಕ್ಕೆ ಬಂದಾಗಲೆಲ್ಲ ಸರಿಯಾದ ಸಮಯಕ್ಕೆ ಮೆಲ್ಲನೆ ನೂಕಿದರೆ ಅದರ ತೂಗಾಟ ಹೆಚ್ಚುವಂತೆ, ಮೈಮಾಸಿನ ಅಲ್ಪವಾದ ಸೆಳೆತವು ಮತ್ತೆ ಮತ್ತೆ ಅದೇ ಸ್ಥಾನದಲ್ಲಿ ಬಿದ್ದು ಆ ಕಣಗಳ ಕಕ್ಷೆಯನ್ನು ಕೆಡಿಸುವುದು. ಬಳೆಯು ಅಲ್ಲಿಂದ ಮುಂದಕ್ಕೆ ಹರಡಲಾರದು. ಕ್ಯಾಸಿನಿಯು ಕಂಡ, ಸುಮಾರು ೪,೬೦೦ ಕಿಲೋಮೀಟರು ಅಗಲದ ಅಂತರವು ಪ್ರಾರಂಭವಾಗುವುದು ಅಲ್ಲಿಯೇ. ಈ ಸಂಬಂಧವನ್ನು ಅಮೆರಿಕದ ಡೇನಿಯಲ್ ಕರ್ಕ್‌ವುಡ್ ೧೮೬೦ರ ದಶಕದಲ್ಲಿ ಗುರುತಿಸಿದನು. ಅಂತರವು ಪೂರ್ಣವಾಗಿ ಬರಿದಲ್ಲ, ಅದರಲ್ಲಿಯೂ ವಿರಳವಾಗಿ ಕಣಗಳಿವೆಯೆಂದು ವ್ಯೋಮನೌಕೆಗಳಿಂದ ಆಮೇಲೆ ತಿಳಿಯಿತು.

ಚಿಕ್ಕ ಚಂದ್ರಗಳು ಕಾಯುವ ಕ್ರಮವು ಇನ್ನೂ ವಿಚಿತ್ರವಾದುದು. ಬಳೆಯ ಹೊರಗಡೆ ಸಮೀಪದಲ್ಲಿ ಒಂದು ಚಂದ್ರನಿದ್ದರೆ ಬಳೆಯ ಕಣಗಳು ಅದನ್ನು ಹಿಂದಿಟ್ಟು ಮುಂದೆ ಓಡುವುವು. ಪಕ್ಕದಲ್ಲಿ ಹಾಯುವಾಗ ಚಂದ್ರನ ಸೆಳೆತದಿಂದ ಅವುಗಳ ಸಾಲಿನಲ್ಲಿ ಸುಕ್ಕು ಬೀಳುವುದು. ಮುಂದೆ ಹೋದ ಆ ಸುಕ್ಕನ್ನು ಚಂದ್ರನು ಹಿಂದಿನಿಂದ ಎಳೆಯುವುದು. ಹಿಂದಕ್ಕೆಳೆದ ಕಣವು ತನ್ನ ಬಂಡವಾಳವನ್ನು ಕಳೆದುಕೊಂಡು ಒಳಕ್ಕಿಳಿಯುವುದು. ಆಕರ್ಷಿಸುವ ಚಂದ್ರನೇ ಬಳೆಯನ್ನು ದೂರಕ್ಕೆ ತಳ್ಳಿದಂತಾಯಿತು. ಒಳಗಡೆಯ ಚಂದ್ರನು ಇದೇ ನ್ಯಾಯದಿಂದ ಬಳೆಯನ್ನು ಹೊರಕ್ಕೆ ತಳ್ಳುವುದು. ಎರಡೂ ಕಡೆಗಳಲ್ಲಿ ಕಾವಲಿರುವ ಇಂತಹ ಚಂದ್ರಗಳನ್ನು ಕುರುಬ ಚಂದ್ರಗಳೆಂದು ಕರೆಯುವುದುಂಟು. ೨೦೦೫ರಲ್ಲಿ ಕ್ಯಾಸಿನಿ ವ್ಯೋಮನೌಕೆಯು ಎ ಬಳೆಯ ಹೊರಅಂಚಿನ ಬಳಿ ಸುಮಾರು ೪೦ ಕಿಲೋಮೀಟರು ಅಗಲದ ಒಂದು ಕಿರಿಯ ಅಂತರದಲ್ಲಿ ಸುಮಾರು ೮ ಕಿಲೋಮೀಟರಿನ ಡಾಫ್ನಿಸ್ ಎಂಬ ಚಂದ್ರನನ್ನು ಕಂಡಿತು. ಅದರ ಇಕ್ಕೆಲದ ಅಂಚುಗಳಲ್ಲಿಯೂ ಸುಕ್ಕುಗಳು ಚಿತ್ರದಲ್ಲಿ ಸ್ಪಷ್ಟವಾಗಿದ್ದುವು. ಆ ಅಂತರಕ್ಕೆ ಕೀಲರನ ಹೆಸರನ್ನಿಟ್ಟಿದ್ದಾರೆ.

೭

ಬಳೆಯು ಶನಿಯೊಂದರದೇ ಭೂಷಣವೆಂಬ ನಂಬಿಕೆಯು ೧೯೭೭ರವರೆಗೆ ಇದ್ದಿತು. ಆ ವರ್ಷದ ಮಾರ್ಚಿ ೧೦ರಂದು ಯುರೇನಸ್ ಗ್ರಹವು ಒಂದು ನಕ್ಷತ್ರವನ್ನು ಮರೆಮಾಡಲಿದ್ದಿತು. ಹಿಂದೂಮಹಾಸಾಗರದ ಮೇಲೆ ಹಾರುತ್ತಿದ್ದ ವಿಮಾನದಲ್ಲಿದ್ದ ದೂರದರ್ಶಕದಿಂದ ಅಮೆರಿಕದ ಜೇಮ್ಸ್ ಎಲಿಯಟ್ಟರೂ ಅವರ ಸಂಗಡಿಗರೂ ಅದನ್ನು ನೋಡುತ್ತಿದ್ದರು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದ, ತಮಿಳುನಾಡಿನ ಕಾವಲೂರಿನ ವೀಕ್ಷಣಾಲಯದಲ್ಲಿ ಜೆ. ಸಿ. ಭಟ್ಟಾಚಾರ್ಯರೂ ಕೆ. ಕುಪ್ಪುಸ್ವಾಮಿಯವರೂ ೧೦೨ ಸೆಂಟಿಮೀಟರಿನ ದೂರದರ್ಶಕದಿಂದ ನೋಡುತ್ತಿದ್ದರು. ಗ್ರಹದ ಬಳಿ ನಕ್ಷತ್ರದ ಬೆಳಕು ಸ್ವಲ್ಪ ಹೊತ್ತು ಕುಗ್ಗಿದುದನ್ನು ಕಾವಲೂರಿನವರೂ ದಾಖಲೆಮಾಡಿದರು. ಅದನ್ನು ಅವರು ಯುರೇನಸಿನ ಹೊಸ ಉಪಗ್ರಹವೆಂದು ಅರ್ಥಮಾಡಿ ಪ್ರಕಟಿಸಿದರು.

ಇದರಲ್ಲಿ ನಗತಕ್ಕದ್ದೇನೂ ಇಲ್ಲ. ಒಂದು ಪಕ್ಕದಲ್ಲಿ ಬೆಳಕು ಕುಗ್ಗಿದುದನ್ನು ಮಾತ್ರ ಕಂಡವರಿಗೆ ಅಡ್ಡಬಂದುದು ಚಂದ್ರನೋ ಬಳೆಯೋ ಹೇಳಲಾಗದು. ಗ್ರಹದ ಎರಡು ಪಕ್ಕಗಳಲ್ಲಿಯೂ ಸಮದೂರಗಳಲ್ಲಿ ಬೆಳಕು ಕುಗ್ಗಿದುದು ವಿಮಾನದ ದಾಖಲೆಯಿಂದ ಹೊರಪಟ್ಟಾಗಲೇ ಅದು ಬಳೆಯೆಂದು ನಿಶ್ಚಯವಾಯಿತು. ಕಂಡ ಸಂಗತಿಯು ಎರಡು ಕಡೆಯೂ ನಿಜವಾದುದೇ. ಹೆಸರನ್ನು ನಿರ್ಣಯಿಸಲು ಇನ್ನೊಂದು ಸಂಗತಿ ಬೇಕಾಗಿದ್ದಿತು. ಮುಂದೆ ೧೯೭೯ರಲ್ಲಿ ಗುರುವಿಗೂ ೧೯೮೦ರ ದಶಕದಲ್ಲಿ ನೆಪ್ಚೂನಿಗೂ ಬಳೆಗಳಿರುವುದು ಸಿದ್ಧವಾಯಿತು. ಯುರೇನಸಿನ ಬಳೆಗಳು ಅತ್ಯಂತ ಕಿರಿದಾಗಿರುವುದನ್ನು ವಿವರಿಸಲೆಂದೇ ಗೋಲ್ಡ್‌ರೈಕ್, ಟ್ರಿಮೇನ್ ಎಂಬವರು ೧೯೭೯ರಲ್ಲಿ ಕುರುಬ ಚಂದ್ರಗಳ ಸಿದ್ಧಾಂತವನ್ನು ಮುಂದಿಟ್ಟರು. ೧೯೮೬ರಲ್ಲಿ ವಾಯೇಜರ್ ೨ ವ್ಯೋಮನೌಕೆಯು ಯುರೇನಸಿನ ಒಂದು ಬಳೆಯ ಇಕ್ಕೆಲಗಳಲ್ಲಿಯೂ ಅಂತಹ ಚಂದ್ರಗಳನ್ನು ಕಂಡಿತು. ಇಲ್ಲಿಯೂ ಲೆಕ್ಕವು ಮೊದಲು ಹೇಳಿತು, ಕಣ್ಣು ಅನಂತರ ಒಪ್ಪಿತು.

೮

ಶನಿಯ ಬಳೆಗಳ ವಯಸ್ಸು ಎಷ್ಟು? ಇದು ಇಂದಿಗೂ ತೀರ್ಮಾನವಾಗದ ವಾದ. ೨೦೧೭ರಲ್ಲಿ ಕ್ಯಾಸಿನಿ ವ್ಯೋಮನೌಕೆಯು ಗ್ರಹಕ್ಕೂ ಬಳೆಗಳಿಗೂ ನಡುವಣ ಎಡೆಯಲ್ಲಿ ೨೨ ಬಾರಿ ಸುತ್ತಿ ಸೆಪ್ಟೆಂಬರ್ ೧೫ರಂದು ಶನಿಯೊಳಗೆ ಬಿದ್ದು ನಾಶವಾಯಿತು. ಆ ಸುತ್ತುಗಳಲ್ಲಿ ಬಳೆಗಳ ತೂಕವನ್ನು ಅಳೆಯುವುದು ಸಾಧ್ಯವಾಯಿತು; ಅದು ಮೈಮಾಸಿನ ತೂಕದ ಐದರಲ್ಲಿ ಎರಡು ಪಾಲಿನಷ್ಟು. ಆಕಾಶದಿಂದ ಸದಾ ಧೂಳು ಬೀಳುತ್ತಿರುವಲ್ಲಿ ಇಷ್ಟು ಹಗುರವಾದ ಹಿಮವು ಬಹುಕಾಲ ಬೆಳ್ಳಗಿರಲಾರದು. ಆದುದರಿಂದ ಬಳೆಗಳು ೪೦ ಕೋಟಿ ವರ್ಷಗಳಿಗಿಂತ ಹಳೆಯವಲ್ಲವೆಂದು ಒಂದು ಪಕ್ಷದವರು ೨೦೨೩ರಲ್ಲಿ ವಾದಿಸಿದರು. ಹಾಗಾದರೆ ೪೫೦ ಕೋಟಿ ವರ್ಷಗಳ ಗ್ರಹಕ್ಕೆ ಈ ಭೂಷಣವು ಇತ್ತೀಚಿನದು. ಯಾವುದೋ ಚಂದ್ರನು ಒಳಕ್ಕೆ ಬಂದು ಹರಿದುಹೋಗಿ ಉಂಟಾದುದೆಂಬ ಊಹೆಗೆ ಇದು ಒಪ್ಪುವುದು. ಧೂಳಿನ ಕಣವು ತಾಕಿದೊಡನೆ ಆವಿಯಾಗಿ ಬಹುಪಾಲು ಹೊರಟುಹೋಗುವುದು, ಬಿಳುಪು ಎಳೆಯ ವಯಸ್ಸಿಗೆ ಗುರುತಲ್ಲ, ಬಳೆಗಳು ಗ್ರಹದಷ್ಟೇ ಹಳೆಯವಾಗಿರಬಹುದು ಎಂದು ೨೦೨೪ರಲ್ಲಿ ಪ್ರತಿಪಕ್ಷದವರು ಉತ್ತರಕೊಟ್ಟರು. ಬಳೆಗಳಿಂದ ಹಿಮವೂ ಧೂಳೂ ಗ್ರಹದೊಳಕ್ಕೆ ಮಳೆಯಾಗಿ ಸುರಿಯುತ್ತಿರುವುದಂತೂ ಕಂಡ ಸಂಗತಿ. ಅದರ ವೇಗವನ್ನು ನೋಡಿ ಇನ್ನು ಸುಮಾರು ೩೦ ಕೋಟಿ ವರ್ಷಗಳಲ್ಲಿ ಬಳೆಗಳು ತೀರಿಹೋಗಬಹುದೆಂದು ೨೦೧೮ರಲ್ಲಿ ಅಂದಾಜುಮಾಡಿದರು.

ವಸ್ತುವಿನ ಸ್ವರೂಪವು ಹೀಗಿರುವಾಗ ಬಳೆಯೆಂಬ ಹೆಸರನ್ನು ಬಿಟ್ಟು ಬೇರೊಂದನ್ನು ಕಟ್ಟಬೇಕೆ? ಕಣಸಮೂಹವೆಂದರೆ ನಿಜಕ್ಕೆ ಹತ್ತಿರವಾದೀತು, ಆದರೆ ಆಕಾರವು ತಪ್ಪಿಹೋಗುವುದು. ವಲಯವೆಂದರೆ ಆಕಾರವುಳಿದೀತು, ಆದರೆ ಚಿತ್ರವು ಮನಸ್ಸಿನಲ್ಲಿ ನಿಲ್ಲದು. ಬಳೆಯೆಂಬ ಮಾತು ಕನ್ನಡದ ಕಿವಿಗೆ ಹಿತವಾದುದು, ಎಲ್ಲರಿಗೂ ತಿಳಿದುದು. ಅದನ್ನು ಉಳಿಸಿಕೊಳ್ಳುವುದೇ ಮೇಲೆಂದು ನನ್ನ ಅಭಿಪ್ರಾಯ. ಆದರೆ ಪಾಠದಲ್ಲಿ ಆ ಮಾತು ಬಂದ ಕಡೆ ಉಪಾಧ್ಯಾಯರು, ಕೈಬಳೆಯ ಗಟ್ಟಿತನವು ಇದಕ್ಕಿಲ್ಲವೆಂದೂ ಇದ್ದಿದ್ದರೆ ಅದು ಎಂದೋ ಒಡೆದು ಶನಿಯ ಮೇಲೆ ಬೀಳುತ್ತಿದ್ದಿತೆಂದೂ ಎರಡು ಮಾತು ಸೇರಿಸುವುದು ಅಗತ್ಯ. ಬಳೆಯ ಅಂಚು ಮತ್ತೆ ಭೂಮಿಯ ಕಡೆಗೆ ತಿರುಗುವುದು ೨೦೩೮–೩೯ರಲ್ಲಿ. ಇಂದು ಕನ್ನಡ ಶಾಲೆಗಳಲ್ಲಿ ಓದುತ್ತಿರುವ ಮಕ್ಕಳು ಆಗ ಸಣ್ಣ ದೂರದರ್ಶಕದಲ್ಲಿ ಶನಿಯನ್ನು ನೋಡಿದರೆ ೧೬೧೨ರ ಗೆಲಿಲಿಯೋವಿನಂತೆ ಬಳೆಯಿಲ್ಲದ ಬರಿಯ ಬಿಂಬವನ್ನು ಕಾಣುವರು. ಕಾಣದೆಹೋದುದು ಏನು, ಏಕೆ ಕಾಣದು, ಎಂಬುದು ಅವರಿಗೆ ಮೊದಲೇ ತಿಳಿದಿರಲಿ.